ಎಳೆಬಿಸಿಲಿಗೆ ಹಿಡಿದ ಕಿವಿ

ಸೂರ್ಯ ಇನ್ನೂ ಕಬ್ಬಿನ ಗರಿಗಳ ಹಿಂದೆಯೇ ಇದ್ದಾನೆ. ಬೀರವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಾರೆ. ಮೊಣಕಾಲು ಮಡಚಲು ಬಾರದ್ದರಿಂದ ಒಂದು ಕಾಲು ಕೆಳಗೆ ಇಳಿಬಿದ್ದಿದೆ. ಪಕ್ಕದಲ್ಲಿ ಕುದಿಸಿ ಆರಿಸಿದ ನೀರಿನ ತಂಬಿಗೆ, ಹತ್ತಿ, ಸ್ಪಿರಿಟ್ಟಿನ ಬಾಟಲಿ, ಮೆಡಿಕಲ್ ಅಂಗಡಿಯಿಂದ ತಂದ ಸೂಜಿಯ ಪಾಕೀಟು. ಒಂದು ಬಟ್ಟಲಲ್ಲಿ ಬೆಲ್ಲದ ಚೂರು. ಇನ್ನೊಂದರಲ್ಲಿ, ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಒಂದು ಜೊತೆ ಸ್ಟೀಲಿನ ಬೆಂಡೋಲೆ. ಅದರ ನಡುವೆ ಸಾಸಿವೆಗಿಂತ ತುಸು ದೊಡ್ಡದಾದ ಕೆಂಪು ಹರಳು.

ಗಡಹಿಂಗ್ಲಜದಿಂದ ಆಜರಾ ಕಡೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೊರಳಿದರೆ ಸಿಗುವ ಈ ಊರಿಗೆ, ನಸುಕಿನಲ್ಲೇ ಮೋಟರ್‌ಸೈಕಲ್ ಮೇಲೆ ತಂಗಿಯನ್ನೂ ತಂಗಿಯ ಕೂಸನ್ನೂ ಕರೆದುಕೊಂಡು ಬಂದಿರುವವನು ಕೇದಾರಿ. ಕಿವಿ ಚುಚ್ಚುವಾಗ ಕೂಸನ್ನು ಸೋದರಮಾವನೇ ತೊಡೆಯ ಮೇಲೆ ಹಿಡಿದುಕೊಳ್ಳಬೇಕು ಎಂಬುದು ಈ ಕಡೆಯ ಪದ್ಧತಿ. ತಂಗಿ ನೋಡಲಾರೆ ಎಂದು ಒಳಗೆ ಹೋಗಿ ಕೂತಿದ್ದಾಳೆ.

"ಮೌಶಿ, ಲಗೂ ಮುಗಸ್ರಿ. ನನಗ ಫ್ಯಾಕ್ಟರಿ ಡ್ಯೂಟಿ ಐತಿ," ಎನ್ನುತ್ತಾನೆ ಕೇದಾರಿ.

"ನನಗ್ಯಾಕ ಹೇಳ್ತಿ? ಸೂರ್ಯಾಗ ಹೇಳು. ಅವ ಬಂದ ಮ್ಯಾಲೆ ನಂದೇನ ತಡಾ ಇಲ್ಲ," ಎನ್ನುತ್ತಾರೆ ಬೀರವ್ವ.

ಕಬ್ಬಿನ ಗರಿಯ ಮೇಲಿಂದ ಮೊದಲ ಬಿಸಿಲು ಕಟ್ಟೆಗೆ ಬೀಳುತ್ತದೆ. ಬೀರವ್ವ ಕೂಸಿನ ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಬೆಳಕಿಗೆ ಎತ್ತುತ್ತಾರೆ. ಹಾಲೆ ಮಾವಿನ ಚಿಗುರಿನಂತೆ ಕೆಂಪಗೆ ಬೆಳಗುತ್ತದೆ. ಎಲೆಯೊಳಗಿನ ಗೆರೆಗಳಂತೆ ಒಳಗಿನ ಸಣ್ಣ ನರಗಳು ಕಾಣುವುದು ಈ ಹೊತ್ತಿನಲ್ಲಿ ಮಾತ್ರ. ಬಿಸಿಲು ಬಲಿತು ನೆತ್ತಿಯ ಕಡೆಗೆ ಏರಿದರೆ ಇಲ್ಲ, ಮನೆಯೊಳಗಿನ ಬಲ್ಬಿಗೂ ಇಲ್ಲ. ನರ ತಪ್ಪಿಸಿ ಚುಚ್ಚಿದರೆ ರಕ್ತ ಬರುವುದಿಲ್ಲ, ಕಿವಿ ಬಾಯುವುದಿಲ್ಲ. ಬೀರವ್ವನ ವಿದ್ಯೆಯೆಲ್ಲ ಇಷ್ಟೇ.

ಅವರು ಹಾಲೆಯನ್ನು ಒಮ್ಮೆ ಹೊರಳಿಸುತ್ತಾರೆ. ಮತ್ತೊಮ್ಮೆ ಹೊರಳಿಸುತ್ತಾರೆ. ಕಣ್ಣು ಕಿರಿದು ಮಾಡುತ್ತಾರೆ. ಆಮೇಲೆ ಸೊಸೆಯನ್ನು ಕೂಗುತ್ತಾರೆ.

"ದೀಪಾಲಿ, ಇಲ್ಲಿ ಬಾ. ಒಂದ ಕೂದಲಾ ಅಡ್ಡ ಬಂದೈತೇನ ನೋಡು."

ಮಗಳು ಪೂನಮಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ದೀಪಾಲಿ ಬಗ್ಗಿ ನೋಡುತ್ತಾಳೆ. "ಕೂದಲಲ್ರಿ ಅತ್ತಿ, ನರಾ ಅದು. ನಿಮ್ಮ ಹೆಬ್ಬಟ್ಟಿನ ಉಗುರಿನ ಬಾಜೂಕ ಐತಿ."

"ಹಂಗಾರ ಈ ಕಡೆ ಸರಿಯಾತು," ಎಂದು ಬೀರವ್ವ ನೀಲಿ ಔಷಧದ ಚುಕ್ಕೆ ಇಡುತ್ತಾರೆ. "ಬೆಲ್ಲಾ."

ದೀಪಾಲಿ ಕೂಸಿನ ತುಟಿಗೆ ಬೆಲ್ಲ ಸವರುತ್ತಾಳೆ. ಕೂಸು ನಾಲಿಗೆ ಚಾಚುವ ಗಳಿಗೆಯಲ್ಲೇ ಸೂಜಿ ದಾಟಿ, ಅದರ ಬೆನ್ನಿಗೇ ಬೆಂಡೋಲೆಯ ಕಡ್ಡಿ ದಾಟಿ, ಹಿಂದಿನ ತಿರುಪಿನ ಫಿರಕಿ ತಿರುಗಿ ಕೂತುಬಿಟ್ಟಿದೆ. ಅಳು ಬರುವುದು ಆಮೇಲೆ. ಅಷ್ಟರಲ್ಲಿ ಬೀರವ್ವನ ಕಣ್ಣು ಕಣ್ಮುಚ್ಚಿ ಕೂತ ಕೇದಾರಿಯ ಮೇಲೆ ಬೀಳುತ್ತದೆ.

"ಏ ತಮ್ಮಾ, ಕಣ್ಣ ತಗಿ. ಚುಚ್ಚಿದ್ದು ಕೂಸಿಗೆ, ನಿನಗಲ್ಲ."

ಎರಡೂ ಕಿವಿ ಮುಗಿದ ಮೇಲೆ ಒಳಗಿನಿಂದ ಬಂದ ತಾಯಿ ಕೂಸನ್ನು ಎದೆಗೆ ಹಾಕಿಕೊಂಡು, ಪೂನಮಳ ಬರಿಗಿವಿ ನೋಡಿ ನಗುತ್ತಾಳೆ. "ಊರಿನ ಕಿವಿ ಎಲ್ಲಾ ಚುಚ್ಚಿ ಮನೀ ಕಿವಿ ಬರೇದ ಇಟ್ಟೀರಲ್ರಿ ಮೌಶಿ. ವರ್ಷ ತುಂಬಾಕ ಬಂತಲ್ಲ?"

"ಬಿಸಲ ಚಲೋ ಬೀಳಲಿ, ಮಾಡೂಣು," ಎನ್ನುತ್ತಾರೆ ಬೀರವ್ವ.

ಆ ಬೆಳಿಗ್ಗೆ ಬಿಸಿಲು ಚೆನ್ನಾಗಿಯೇ ಬಿದ್ದಿದೆ. ದೀಪಾಲಿ ಬೆಲ್ಲದ ಬಟ್ಟಲನ್ನು ಒಳಗಿಡುತ್ತಾಳೆ.

ಸುತ್ತಲಿನ ಹಳ್ಳಿಗಳಲ್ಲಿ ಇವರನ್ನು 'ಕಿವಿ ಬೀರವ್ವ' ಎಂದೇ ಕರೆಯುತ್ತಾರೆ. ವಯಸ್ಸು ಅರವತ್ತರ ಆಚೆ ಈಚೆ; ಸರಿಯಾಗಿ ಅವರಿಗೂ ಗೊತ್ತಿಲ್ಲ. ಹುಟ್ಟಿದ್ದು ಕುರುಬರ ಮನೆಯಲ್ಲಿ, ಬೆಳೆದದ್ದು ಕುರಿಗಳ ಹಿಂದೆ. ಬೇಸಿಗೆಯಲ್ಲಿ ಒಂದು ಸೀಮೆ, ಮಳೆಗಾಲದಲ್ಲಿ ಒಂದು ಸೀಮೆ. ಕುರಿ ತಂಗಿದ ಹೊಲವೇ ಆ ವಾರದ ಮನೆ. ಬೇರೆ ಬೇರೆಯವರ ಕುರಿಗಳು ಒಂದೇ ಹಿಂಡಿನಲ್ಲಿ ಮೇಯುತ್ತಿದ್ದರಿಂದ ಪ್ರತಿ ಮನೆತನಕ್ಕೂ ಒಂದು ಗುರುತು. ಮರಿಯ ಕಿವಿಯ ಅಂಚನ್ನು ಕತ್ತರಿಸಿ ಕಚ್ಚು ಹಾಕುವುದು. ಅಪ್ಪ ಕಚ್ಚು ಹಾಕುವಾಗ ಮರಿಯನ್ನು ಹಿಡಿದುಕೊಳ್ಳುವುದು ಬೀರವ್ವನ ಕೆಲಸವಾಗಿತ್ತು.

"ಅಪ್ಪ ಮರಿ ಕಿವಿ ಬಿಸಲಿಗೆ ಹಿಡಿದ, ನರಾ ನೋಡಿ ಕಚ್ಚ ಹಾಕಾಂವ. ಒಂದ ಹನಿ ರಕ್ತಾ ಬರ್ತಿದ್ದಿಲ್ರಿ. ಅದನ್ನ ನೋಡೇ ನಾ ಕಲತದ್ದು. ನನಗ ಯಾರೂ ಕೈ ಹಿಡಿದ ಕಲಿಸಿಲ್ಲ," ಎಂದು ಹೇಳುವಾಗ ಅವರ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಒಂದು ಕಿವಿಯನ್ನು ಹಿಡಿಯುತ್ತವೆ.

ಅಷ್ಟು ನಯವಾದ ಕೈಯ ಅಪ್ಪ ತನ್ನ ಮಗಳ ಕಿವಿಯಲ್ಲಿ ಮಾತ್ರ ತಪ್ಪಿದ. ಕುರಿ ಯಾವುದೋ ದೂರದ ಹೊಲದಲ್ಲಿ ತಂಗಿತ್ತು. ಕಿವಿ ಚುಚ್ಚುವ ಅಕ್ಕಸಾಲಿ ಹತ್ತಿರದಲ್ಲಿ ಇರಲಿಲ್ಲ. ಮರುದಿನ ಹಿಂಡು ಮುಂದಕ್ಕೆ ಹೊರಡಬೇಕು. ಮಗಳಿಗೆ ಬುದ್ಧಿ ಬರುವ ವಯಸ್ಸಾದರೂ ಕಿವಿ ಬರಿದಿದೆ ಎಂದು ಅವ್ವ ಗೊಣಗುತ್ತಿದ್ದಳು. ಸಂಜೆ ಹೊತ್ತಿಳಿಯುವಾಗ ಅವಸರದಲ್ಲಿ ಅಪ್ಪನೇ ಚುಚ್ಚಿಬಿಟ್ಟ. ಬಲಗಿವಿ ಹೇಗೋ ಸರಿಹೋಯಿತು. ಎಡಗಿವಿಗೆ ಬರುವಷ್ಟರಲ್ಲಿ ಬೆಳಕು ಆರಿತ್ತು. ಕೈಗೆ ಇದ್ದದ್ದು ಕುರಿಯ ರೂಢಿ. ಕುರಿಗೆ ಗುರುತು ಹಾಕುವುದು ಕಿವಿಯ ಅಂಚಿಗೆ, ದೂರದಿಂದ ಕಾಣುವಂತೆ. ಅದೇ ಅಂಚಿಗೆ ಮಗಳ ಕಿವಿಗೂ ತೂತು ಬಿತ್ತು.

ಅಂದು ಅವಳನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದವರು ಸೋದರಮಾವ ಜೋತಿಬಾ. ಮುಂದೆ ಬೀರವ್ವನನ್ನು ಮದುವೆಯಾದವರೂ ಅವರೇ. ಕಬನೂರಿನ ಮಗ್ಗಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಕಿವಿ ಮಂದವಾಗಿರುವ ಜೋತಿಬಾ ಈಗ ಮಾತನಾಡುವುದೇ ಕೂಗಿದ ಹಾಗೆ.

"ಆವತ್ತ ನಾ ಗಟ್ಟಿ ಹಿಡಿಲಿಲ್ಲಂತ, ಅದಕ್ಕ ಜಾಗಾ ತಪ್ಪಿತಂತ! ಇಕಿ ಅಪ್ಪ ಸಾಯೂತನಕಾ ನನ್ನ ಮ್ಯಾಲೇ ಹಾಕಿದಾ."

"ನೀವ ಗಟ್ಟಿ ಹಿಡಿದಿದ್ರ ನಾ ಯಾಕ ಅಳ್ತಿದ್ನಿ?" ಎಂದು ಬೀರವ್ವ ಅವರಿಗೆ ಕೇಳದಷ್ಟು ಮೆಲ್ಲಗೆ ಹೇಳುತ್ತಾರೆ.

ಮದುವೆಯಲ್ಲಿ ಹಾಕಿದ ಬಂಗಾರದ ಝುಮಕಿಯ ಭಾರಕ್ಕೆ ಅಂಚಿನ ತೂತು ದಿನದಿನಕ್ಕೆ ಇಳಿಯಿತು. ಒಂದು ದಿನ ಹೆಗಲ ಮೇಲೆ ಹೊತ್ತಿದ್ದ ಮರಿ ಕಾಲು ಝಾಡಿಸಿದಾಗ ಝುಮಕಿಯ ಸಮೇತ ಹಾಲೆ ಹರಿದು ಎರಡಾಯಿತು. ಓಣಿಯ ಹೆಣ್ಣುಮಕ್ಕಳ ಬಾಯಿಗೆ ಅಷ್ಟು ಸಾಕಾಗಿತ್ತು. "ಜೋತಿಬಾ ಗುರುತ ಹಾಕಿದ ಕುರೀನ ತಂದಾನ, ಸಂತ್ಯಾಗ ಕಳದ್ರೂ ಸಿಗತೈತಿ" ಎಂದು ಅವರು ಆಡಿಕೊಂಡ ಮಾತು ಬೀರವ್ವನಿಗೆ ಇಂದಿಗೂ ಅದೇ ರಾಗದಲ್ಲಿ ನೆನಪಿದೆ. ಸೆರಗನ್ನು ಎಡಗಿವಿ ಮುಚ್ಚುವಂತೆ ಹೊದೆಯುವುದು ಅಂದಿನಿಂದ ಬಂದ ರೂಢಿ.

ಹಿಂಡು ಕರಗಿದ ಮೇಲೆ ಗಂಡ ಹೆಂಡತಿ ಇಚಲಕರಂಜಿಗೆ ಹೊಂದಿಕೊಂಡ ಕಬನೂರಿಗೆ ದುಡಿಯಲು ಹೋದರು. ಜೋತಿಬಾ ಮಗ್ಗಕ್ಕೆ, ಬೀರವ್ವ ಕಾಂಡಿಗೆ. ಕಾಂಡಿ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿ. ಅದನ್ನು ತುಂಬುವ ಯಂತ್ರದ ಮುಂದೆ ಹೆಂಗಸರು ಶಿಫ್ಟು ಮುಗಿಯುವತನಕ ನಿಂತೇ ಇರಬೇಕು. ತಗಡಿನ ಶೆಡ್ಡಿನ ಸೆಕೆ, ಬೆವರಿಗೆ ಅಂಟುವ ಹತ್ತಿಯ ದೂಳು. ಬಂಗಾರ ಹಾಕಿಕೊಂಡು ಕೆಲಸಕ್ಕೆ ಬರಲು ಯಾರಿಗೂ ಧೈರ್ಯವಿಲ್ಲ. ಸಂತೆಯ ಗಿಲೀಟಿನ ಓಲೆ ಹಾಕಿದರೆ ವಾರದೊಳಗೆ ಅದು ಕಪ್ಪಾಗುತ್ತಿತ್ತು, ತಿಂಗಳೊಳಗೆ ಕಿವಿ ಕೀವು ತುಂಬುತ್ತಿತ್ತು. ಬರಿಗಿವಿಯಲ್ಲಿ ಬಂದರೆ ಮನೆಯ ಹಿರಿಯರು ಸುಮ್ಮನಿರುವುದಿಲ್ಲ.

ಕೊಲ್ಹಾಪುರದ ಪೇಟೆಯಲ್ಲಿ ಬಳೆ, ಕ್ಲಿಪ್ಪು, ರಿಬ್ಬನ್ನು ಮಾರುವ ಧರಣೇಂದ್ರ ಎಂಬ ವ್ಯಾಪಾರಿಯ ಅಂಗಡಿಯಲ್ಲಿ ಬೀರವ್ವ ಮೊದಲ ಸಲ ಸ್ಟೀಲಿನ ಬೆಂಡೋಲೆ ಕಂಡರು. ಕೆಂಪು, ಹಸಿರು, ನೀಲಿ, ಹಳದಿ, ರಾಣಿ ಬಣ್ಣದ ಹರಳುಗಳು. ಸುತ್ತ ಸಣ್ಣ ಹಲ್ಲುಗಳಂತೆ ಬಾಗಿ ಹಿಡಿದಿರುವ ಉಕ್ಕು. ಒಂದು ಹಸಿರು ಹರಳಿನ ಜೊತೆ ಕೊಂಡು ತಂದು ಬಲಗಿವಿಗೆ ಒಂದನ್ನು ಹಾಕಿಕೊಂಡರು. ಬೆವರಿನಲ್ಲೂ ಅದೇ ಹೊಳಪು, ಕಿವಿಯೂ ಬಾಯಲಿಲ್ಲ. ಕಾಂಡಿಯ ಹೆಂಗಸರು ತಮಗೂ ತಂದುಕೊಡು ಎಂದರು. ವ್ಯಾಪಾರ ಹುಟ್ಟಿದ್ದು ಹೀಗೆ.

"ಹರಳ ಖರೇನೋ ಸುಳ್ಳೋ ನನಗ ಗೊತ್ತಿಲ್ರಿ, ನಾ ಯಾರಿಗೂ ಖರೇ ಅಂತ ಹೇಳಂಗಿಲ್ಲ. ಸ್ಟೀಲ ಅಂತೂ ಖರೇ. ದಿನಾ ಅದರ ತಾಟಿನ್ಯಾಗ ಉಣ್ತೀವಿ, ಹುಳಿ, ಉಪ್ಪ, ಖಾರಾ ಏನ ಹಾಕಿದ್ರೂ ಕಪ್ಪಾಗಂಗಿಲ್ಲ. ಹೊಟ್ಟಿಗೆ ನಡೀತೈತಿ, ಕಿವಿಗಿ ನಡ್ಯಂಗಿಲ್ಲೇನು?"

ಜೊತೆಯಲ್ಲಿ ಉಳಿದ ಇನ್ನೊಂದು ಹಸಿರು ಹರಳು ಹಾಕಿಕೊಳ್ಳಲು ಕಿವಿ ಇರಲಿಲ್ಲ. ಅದನ್ನು ಒಂದು ಬಟ್ಟೆಯ ತುಂಡಿಗೆ ಚುಚ್ಚಿ ಡಬ್ಬಿಯಲ್ಲಿಟ್ಟರು. ಇವತ್ತಿಗೂ ಅಲ್ಲೇ ಇದೆ.

ಊರಿಗೆ ಮರಳಿದ ಮೇಲೆ ಮಾರುವುದರ ಜೊತೆಗೆ ಚುಚ್ಚುವುದೂ ಬಂತು. ಮೊದಮೊದಲು ಜಾಲಿಯ ಮುಳ್ಳಿನಿಂದ ಚುಚ್ಚುತ್ತಿದ್ದರು. ಒಂದು ಕೂಸಿನ ಕಿವಿ ಕೀವಾಗಿ ಮುಖವೆಲ್ಲ ಬಾತಾಗ ಬೀರವ್ವನೇ ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿನ ಲೇಡಿ ಡಾಕ್ಟರು, ಎಲ್ಲರೂ 'ಡಾಕ್ಟರ ಬಾಯಿ' ಎಂದು ಕರೆಯುವವರು, ಎಲ್ಲರೆದುರು ಬೈದರು. ಮುಳ್ಳು, ಬೂದಿ, ಅರಿಸಿನ ಎಲ್ಲ ಬಿಡಿಸಿ ಸೂಜಿ, ಸ್ಪಿರಿಟ್ಟು ಹಿಡಿಸಿದರು. "ಬೈದದ್ದ ಚಲೋ ಆತ್ರಿ. ಆವತ್ತ ಬೈಲಿಲ್ಲಂದ್ರ ನಾ ಇವತ್ತೂ ಮುಳ್ಳ ಹಿಡಿದ ಕುಂದರ್ತಿದ್ನಿ. ಕೂಸಿಗೆ ಏನರ ಆಗಿದ್ರ?" ಎಂದು ಕೇಳುತ್ತಾರೆ.

ಈಗ ಅವರ ವಾರ ಹೀಗೆ ಸಾಗುತ್ತದೆ. ಬೆಳಿಗ್ಗೆ ಯಾರಾದರೂ ಕೂಸು ತಂದರೆ ಕಟ್ಟೆಯ ಮೇಲಿನ ಕೆಲಸ. ಸಂತೆಯ ದಿನ ಗಡಹಿಂಗ್ಲಜ. ಇನ್ನೊಂದು ದಿನ ಹೆಂಗಸರಿಗೆ ಅರ್ಧ ತಿಕೀಟಿನ ಎಸ್‌.ಟಿ. ಬಸ್ಸಿನಲ್ಲಿ ನಿಪ್ಪಾಣಿ ಮೇಲಿಂದ ಹಾಯ್ದು ಕಬನೂರಿಗೆ. ತಿಂಗಳಿಗೊಮ್ಮೆ ಮಾಲು ತರಲು ಕೊಲ್ಹಾಪುರ. ಮಗ ವಿಕಾಸ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಾನೆ. ಹಂಗಾಮು ಇದ್ದಾಗ ಮನೆಗೆ ಬರುವುದು ಬರೀ ಮಲಗಲು. "ಸಾಕ ಮಾಡ ಅವ್ವಾ" ಎಂದು ಹೇಳುವುದನ್ನು ಅವನೂ ಬಿಟ್ಟಿದ್ದಾನೆ.

ಬೀರವ್ವನಿಗೆ ಸಾಕಾಗಿದೆ, ಅದು ಸುಳ್ಳಲ್ಲ. ಬಸ್ಸಿನ ಮೆಟ್ಟಿಲು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದೆ. ಡಬ್ಬಿಗಳ ಚೀಲ ಮೊದಲು ಬಗಲಲ್ಲಿ ಇರುತ್ತಿತ್ತು, ಆಮೇಲೆ ಕೈಗೆ ಬಂತು, ಈಗ ಎರಡು ಹೆಜ್ಜೆಗೊಮ್ಮೆ ನೆಲಕ್ಕೆ ಇಳಿಯುತ್ತದೆ. ಆದರೆ ದಣಿವಿಗೆ ಅವರು ಹೆದರಿದವರಲ್ಲ. ಹೆದರಿಕೆ ಬೇರೆ ಇದೆ. ಅದು ಯಾವುದೆಂದು ಈ ಸಲದ ಕಬನೂರಿನ ಮಧ್ಯಾಹ್ನ ತೋರಿಸಿಕೊಡುತ್ತದೆ.

ಊಟದ ಬಿಡುವು. ಶೆಡ್ಡಿನ ಗೇಟಿನ ಪಕ್ಕ, ಬೇವಿನ ಮರದ ಬುಡದಲ್ಲಿ ಬೀರವ್ವ ತಟ್ಟೆ ಹರಡಿಕೊಂಡು ಕೂತಿದ್ದಾರೆ. ಮಗ್ಗಗಳ ಖಟಖಟ ನಿಂತಿಲ್ಲ, ಆದ್ದರಿಂದ ಎಲ್ಲರೂ ಅರ್ಧ ಬಾಯಿಯಿಂದ, ಅರ್ಧ ಕೈಯಿಂದ ಮಾತಾಡುತ್ತಿದ್ದಾರೆ. ಹಿಂದೆ ಜೊತೆಗೆ ಕಾಂಡಿ ತುಂಬುತ್ತಿದ್ದ ಹೌಸಾಬಾಯಿ ದೂರದಿಂದಲೇ ಸೊಂಟದ ಮೇಲೆ ಕೈಯಿಟ್ಟು ಬರುತ್ತಾಳೆ.

"ಕಾಯ್ ಗ ಬೀರವ್ವಾ! ಏನ ಮಾಡೀಯವಾ ನನಗ? ಈ ಕಿವ್ಯಾಗ ಹಸರ, ಆ ಕಿವ್ಯಾಗ ನೀಲಿ! ಮಗ್ಗಾ ರಿಪೇರಿ ಮಾಡೂ ಜಾಬರ ಕೇಳಾಕತ್ತಾನ, ಹೌಸಾಬಾಯಿ, ಸಿಗ್ನಲ್ ಏನ ನೀ, ಯಾವ ಕಡೆ ಗಾಡಿ ಬಿಡಲಿ ಅಂತ!"

ಸುತ್ತಲಿನ ಹೆಂಗಸರು ರೊಟ್ಟಿ ಕೈಯಲ್ಲಿ ಹಿಡಿದೇ ನಗುತ್ತಾರೆ. "ಚೌಕಿನ್ಯಾಗ ನಿಂದರು ಹೌಸಾ, ಪೊಲೀಸರಿಗೆ ಕೆಲಸಾ ಇರಂಗಿಲ್ಲ," ಎನ್ನುತ್ತಾಳೆ ಒಬ್ಬಳು. ಬೀರವ್ವನೂ ನಗುತ್ತಾರೆ.

"ತಾ ಇಲ್ಲಿ, ಬದ್ಲಿ ಕೊಡ್ತೀನಿ."

ಹೌಸಾಬಾಯಿ ನೀಲಿ ಹರಳಿನದನ್ನು ಕಳಚಿ ಕೊಡುತ್ತಾಳೆ. ಬೀರವ್ವ ಡಬ್ಬಿಯಿಂದ ಎರಡು ಬೆಂಡೋಲೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಾರೆ. ಒಂದು ಹಸಿರು, ಒಂದು ನೀಲಿ ಇರಬೇಕು. ಅಂಗೈಯನ್ನು ನೆರಳಿನಿಂದ ಬಿಸಿಲಿಗೆ ಸರಿಸುತ್ತಾರೆ. ಎರಡೂ ಒಂದೇ ಬಣ್ಣ; ಕೆರೆಯ ನೀರಿನ ಬಣ್ಣ. ಇಡೀ ತಟ್ಟೆಯನ್ನೇ ಹೌಸಾಬಾಯಿಯ ಮುಂದೆ ದೂಡುತ್ತಾರೆ.

"ನೀನಽ ಆರಿಸಿಕೋ. ನಿನ್ನ ಮನಸಿಗೆ ಬಂದದ್ದು."

ಹೌಸಾಬಾಯಿಯ ನಗು ಅಲ್ಲಿಗೆ ನಿಲ್ಲುತ್ತದೆ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಗದ್ದಲದ ನಡುವೆ ಯಾರಿಗೂ ತಿಳಿಯದಂತೆ, ತನ್ನ ಕಣ್ಣಿನ ಕಡೆ ಬೆರಳು ತೋರಿಸಿ ಕೈಯಲ್ಲೇ ಕೇಳುತ್ತಾಳೆ. ಡಾಕ್ಟರಿಗೆ ತೋರಿಸಿದೆಯಾ? ಬೀರವ್ವ ಗೋಣು ಹಾಕುತ್ತಾರೆ. ತೋರಿಸಿದೆ.

ತೋರಿಸಿ ಬಹಳ ದಿನಗಳಾಗಿವೆ. ಅದೇ ಡಾಕ್ಟರ ಬಾಯಿ ಗಡಹಿಂಗ್ಲಜದಲ್ಲಿ ಕಣ್ಣಿನ ಡಾಕ್ಟರರ ಬಳಿ ಕಳಿಸಿದ್ದರು. ಇದು ಪೊರೆಯಲ್ಲ, ಒಳಗಿನ ನರ ಒಣಗುತ್ತಿದೆ, ಔಷಧ ಹಾಕಿದರೆ ಉಳಿದಷ್ಟು ಉಳಿಯುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಬೀರವ್ವ ಔಷಧವನ್ನು ತಪ್ಪದೆ ಹಾಕುತ್ತಾರೆ. ಮನೆಯಲ್ಲಿ ಮಾತ್ರ 'ದೂಳಿಗೆ ಬಿಡೂ ಕಣ್ಣಿನ ಹನಿ' ಎಂದಷ್ಟೇ ಹೇಳಿದ್ದಾರೆ.

ಮರಳುವ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಪಕ್ಕ ಜಾಗ ಸಿಗುತ್ತದೆ. ಚೀಲವನ್ನು ಕಾಲ ನಡುವೆ ಇಟ್ಟು, ತಲೆಯನ್ನು ಕಿಟಕಿಯ ಸರಳಿಗೆ ಆನಿಸುತ್ತಾರೆ. ಹೊರಗೆ ಕಬ್ಬು, ಮತ್ತೆ ಕಬ್ಬು, ನಡುವೆ ಒಂದು ಗುಡಿ, ಒಂದು ಗ್ಯಾರೇಜು. ಹೌಸಾಬಾಯಿಯ ಮಾತಿಗೆ ಮತ್ತೊಮ್ಮೆ ನಗು ಬಂದು ಅರ್ಧಕ್ಕೇ ನಿಲ್ಲುತ್ತದೆ. ಹರಳು ತಪ್ಪಿದರೆ ಬದಲಿ ಕೊಡಬಹುದು. ತೂತು ತಪ್ಪಿದರೆ ಏನು ಕೊಡುವುದು? ತಪ್ಪಿದ ತೂತನ್ನು ಒಂದು ಜನ್ಮ ಹೊತ್ತುಕೊಂಡವರಿಗೆ ಅದರ ಉತ್ತರ ಬೇರೆ ಯಾರೂ ಹೇಳಬೇಕಾಗಿಲ್ಲ. ಮೊಮ್ಮಗಳ ಕಿವಿಗೆ ಇನ್ನೂ ಸೂಜಿ ಮುಟ್ಟದಿರುವುದಕ್ಕೆ ಬಿಸಿಲು ಕಾರಣವಲ್ಲ.

ಸಂಜೆ ದೀಪಾಲಿ ಹೊಸ್ತಿಲಲ್ಲಿ ಕೂತು ಆಜರಾದ ಅಕ್ಕಿ ಆರಿಸುತ್ತಿದ್ದಾಳೆ. ಪೂನಮ ಅಜ್ಜನ ಮೀಸೆ ಎಳೆಯುತ್ತಿದೆ. ಬೀರವ್ವ ಅವಳ ಪಕ್ಕ ಕಾಲು ಚಾಚಿ ಕೂತಿದ್ದಾರೆ.

"ದೀಪಾಲಿ, ಕೂದಲಾ ಅಡ್ಡ ಬಂದೈತೇನ ನೋಡು ಅಂತೇನಲಾ... ಕೂದಲಾ ಇರಂಗಿಲ್ಲವಾ ಅಲ್ಲಿ. ನನಗ ಕಾಣಂಗಿಲ್ಲ."

ದೀಪಾಲಿಯ ಬೆರಳುಗಳು ಅಕ್ಕಿಯಲ್ಲೇ ಓಡಾಡುತ್ತಿರುತ್ತವೆ. "ಗೊತ್ತೈತ್ರಿ ಅತ್ತಿ."

"ಯಾವಾಗಿಂದ?"

"ಹೋದ ದೀಪಾವಳಿ ಮುಂದಿಂದ."

"ಗೊತ್ತಿದ್ದೂ ಸುಮ್ಮ ಇದ್ದೀ?"

"ನೀವ ಕೂದಲಾ ಅಂದ್ರಿ, ನಾ ನರಾ ಅಂದ್ನಿ. ಕೆಲಸಾ ಬರೋಬರ ನಡದಿತ್ತಲ್ರಿ."

ಬೀರವ್ವನಿಗೆ ಸಿಟ್ಟು ಬರಬೇಕಾಗಿತ್ತು. ಬರುವುದು ಹಗುರವಾದ ಒಂದು ಉಸಿರು. ಹನ್ನೆರಡನೇ ಇಯತ್ತೆ ಓದಿದ, ಮಾತು ಕಡಿಮೆಯ ಈ ಹುಡುಗಿ ಇಷ್ಟು ದಿನ ತಮ್ಮ ಕಣ್ಣಾಗಿದ್ದದ್ದು ತಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಅವಳನ್ನೇ ಕರೆಯುತ್ತಿದ್ದರು.

"ಪೂನಮಂದು ನೀನಽ ಚುಚ್ಚು," ಎನ್ನುತ್ತಾರೆ.

ಅಕ್ಕಿಯ ಮೊರ ನಿಲ್ಲುತ್ತದೆ. "ನನ್ನ ಕೈಲೆ ಆಗಂಗಿಲ್ರಿ. ನೋಡೂದ ಬ್ಯಾರೆ, ಚುಚ್ಚೂದ ಬ್ಯಾರೆ. ಕೊಲ್ಹಾಪುರದಾಗ ಅಂಗಡ್ಯಾಗ ಮಶೀನ ಐತಿ, ಠಪ್ ಅಂತ ಒತ್ತತಾರ. ಅಲ್ಲೇ ಮಾಡಸೂಣು."

"ಮಾಡಸು. ಬ್ಯಾಡ ಅನ್ನಂಗಿಲ್ಲ ನಾ. ಪೂನಮ ಕೊಲ್ಹಾಪುರಕ್ಕ ಹೋದೀತು. ಆಜರಾ ಗುಡ್ಡದಿಂದ ಬರೂ ಕೂಸ ಎಲ್ಲಿಗೆ ಹೋಗಬೇಕು? ನಾಳಿ ಕೇದಾರಿಯಂಥಾಂವ ನಸಕಿನ್ಯಾಗ ಬಂದ ಈ ಕಟ್ಟಿ ಮುಂದ ನಿಂತ್ರ ಏನ ಹೇಳ್ಲಿ, ಅಂಗಡಿ ಬಂದ್ ಆಗೇತಿ ಅಂತೇನು?"

"ತಪ್ಪಿದ್ರ, ಅತ್ತಿ? ಒಂದ ಸಲ ತಪ್ಪಿದ್ರ ಆ ಕೂಸು ಸಾಯೂತನಕಾ..." ದೀಪಾಲಿಯ ಕಣ್ಣು ತಾನಾಗಿಯೇ ಅತ್ತೆಯ ಸೆರಗಿನ ಕಡೆ ಹೋಗಿ, ತಪ್ಪು ಮಾಡಿದವರಂತೆ ಕೆಳಗಿಳಿಯುತ್ತದೆ.

ಬೀರವ್ವ ಸೆರಗನ್ನು ಹಿಂದಕ್ಕೆ ತಳ್ಳುತ್ತಾರೆ. ಹರಿದ ಹಾಲೆಯನ್ನು ಹೋದ ಚಳಿಗಾಲದಲ್ಲಿ ಡಾಕ್ಟರ ಬಾಯಿ ಹೊಲಿದು ಒಂದು ಮಾಡಿದ್ದಾರೆ. ಆರು ತಿಂಗಳು ಬಿಟ್ಟು, ಹೊಲಿಗೆಯ ಗೆರೆಯ ಮೇಲಲ್ಲ, ಪಕ್ಕದಲ್ಲಿ ಒಳಕ್ಕೆ ಚುಚ್ಚಿಕೊಳ್ಳಬಹುದು ಎಂದಿದ್ದಾರೆ. ಆರು ತಿಂಗಳು ಮುಗಿದು ಹೋಗಿವೆ. ಊರಿನವರ ಕಿವಿಯನ್ನೆಲ್ಲ ಬಿಸಿಲಿಗೆ ಹಿಡಿದವರಿಗೆ ತಮ್ಮ ಕಿವಿಯನ್ನು ತಾವೇ ಹಿಡಿದು ನೋಡುವ ದಾರಿ ಇಲ್ಲ.

"ಇದರ ಮ್ಯಾಲೆ ಕಲಿ," ಎನ್ನುತ್ತಾರೆ. "ತಪ್ಪಿದ್ರ ಇದರಾಗ ತಪ್ಪಲಿ. ಈ ಕಿವಿಗಿ ತಪ್ಪ ಹೊಸಾದಲ್ಲ."

ದೀಪಾಲಿ ಮೊರವನ್ನು ಹತ್ತಿರ ಎಳೆದುಕೊಳ್ಳುತ್ತಾಳೆ. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಸುರುವಿಕೊಂಡು ಮತ್ತೊಮ್ಮೆ ಆರಿಸತೊಡಗುತ್ತಾಳೆ.

ಮರುದಿನ ಮೋಡ. ಅದರ ಮರುದಿನವೂ ಮೋಡ. ಮೂರನೆಯ ದಿನ ಬೀರವ್ವ ಎದ್ದು ಬರುವಷ್ಟರಲ್ಲಿ ಕಟ್ಟೆಯ ಮೇಲೆ ತಂಬಿಗೆ, ಹತ್ತಿ, ಸ್ಪಿರಿಟ್ಟು, ಸೂಜಿ ಸಾಲಾಗಿ ಬಂದು ಕೂತಿವೆ. ದೀಪಾಲಿ ಕೈ ತೊಳೆಯುತ್ತಿದ್ದಾಳೆ. ಎಷ್ಟು ಹೊತ್ತಿನಿಂದ ತೊಳೆಯುತ್ತಿದ್ದಾಳೋ, ಮೊಣಕೈತನಕ ಸಾಬೂನಿನ ನೊರೆ.

ಪೂನಮಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದ ಜೋತಿಬಾ ಕಟ್ಟೆಯ ಮೇಲಿನ ಸಾಮಾನು ನೋಡಿ, ಮಗ್ಗದ ಮಂದಿಯ ರೂಢಿಯಂತೆ ತಮ್ಮ ಕಿವಿಯ ಹಾಲೆಯನ್ನು ಜಗ್ಗಿ ಸನ್ನೆಯಲ್ಲಿ ಕೇಳುತ್ತಾರೆ. ಗಿರಾಕಿ ಯಾರು? ಬೀರವ್ವ ತಮ್ಮ ಎದೆಯ ಮೇಲೆ ಬೆರಳು ಇಟ್ಟು ತೋರಿಸುತ್ತಾರೆ. ಮುದುಕನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಗುತ್ತದೆ. ಅರ್ಥವಾದ ಮೇಲೆ ಪೂನಮಳನ್ನು ಕೆಳಗಿಳಿಸಿ, ಕಟ್ಟೆ ಹತ್ತಿ, ಹೆಂಡತಿಯ ಬೆನ್ನ ಹಿಂದೆ ಕೂತು, ಎರಡೂ ಭುಜ ಹಿಡಿಯುತ್ತಾರೆ.

"ಈ ಸಲ ಗಟ್ಟಿ ಹಿಡಿದೇನಿ ನೋಡು!" ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಾರೆ.

"ಭುಜಾ ಮುರೀಬ್ಯಾಡ್ರಿ," ಎನ್ನುತ್ತಾರೆ ಬೀರವ್ವ. ಆಮೇಲೆ ಸೊಸೆಗೆ, "ಆ ಡಬ್ಬ್ಯಾಗ ಒಂಟಿದೊಂದು ಐತಿ, ಬಟ್ಟಿಗೆ ಚುಚ್ಚಿದ್ದು. ತಗಿ. ಹಸರೇ ಹೌದಲ್ಲ, ಬರೋಬರ ನೋಡು. ಇಲ್ಲಾಂದ್ರ ಹೌಸಾಬಾಯಿ ನನಗ ಸಿಗ್ನಲ್ ಅಂತಾಳ."

"ಹಸರೇ ಐತ್ರಿ," ಎನ್ನುತ್ತಾಳೆ ದೀಪಾಲಿ. ನಗಲು ನೋಡುತ್ತಾಳೆ, ಆಗುವುದಿಲ್ಲ.

ಬಿಸಿಲು ಗರಿಗಳ ಮೇಲಿಂದ ಇಣುಕುತ್ತದೆ. ತಣ್ಣಗಿನ ಎರಡು ಬೆರಳು ಬೀರವ್ವನ ಎಡಗಿವಿಯನ್ನು ಹಿಡಿದು ಬೆಳಕಿಗೆ ಎತ್ತುತ್ತವೆ. ಯಾರೂ ಇಷ್ಟು ಮೆಲ್ಲಗೆ ಆ ಕಿವಿಯನ್ನು ಹಿಡಿದದ್ದು ಬೀರವ್ವನಿಗೆ ನೆನಪಿಲ್ಲ. ಅವರು ಕಣ್ಣು ಮುಚ್ಚುತ್ತಾರೆ. ಮುಚ್ಚಿದ ರೆಪ್ಪೆಯ ಒಳಗೂ ಬಿಸಿಲು ಕೆಂಪಗಿದೆ.

"ಕಾಣತೈತೇನ?"

"ಕಾಣತೈತ್ರಿ. ಹೊಲಗಿ ಗೆರಿ ಒಂದ ಕಡೆ ಐತಿ. ಅದರ ಈಚೆ ನರಾ. ಎರಡರ ನಡುವ ಜಾಗಾ ಐತಿ, ಸಣ್ಣದು."

"ಸಣ್ಣದಿದ್ರ ಏನಾತು, ಸೂಜಿ ಏನ ಗಾಡೀ ಅಲ್ಲ. ಉಸರ ಬಿಡು ಮೊದಲ. ಬೆಲ್ಲಾ ಎಲ್ಲಿ?"

"ಅಯ್ಯ, ಮರತ ಬಿಟ್ನಿ!"

ದೀಪಾಲಿ ಓಡಿ ಹೋಗಿ ಬಟ್ಟಲು ತರುತ್ತಾಳೆ. ಅತ್ತೆ ಕೂಸಿನ ಹಾಗೆ ಬಾಯಿ ತೆರೆಯುತ್ತಾರೆ. ಬೆಲ್ಲದ ಚೂರು ನಾಲಿಗೆಗೆ ತಾಗುವ ಗಳಿಗೆಯಲ್ಲಿ ಭುಜದ ಮೇಲಿನ ಮುದಿ ಕೈಗಳು ಬಿಗಿಯುತ್ತವೆ. ಇರುವೆ ಕಡಿದಷ್ಟು ಉರಿ. ಆಮೇಲೆ ಸ್ಟೀಲಿನ ತಂಪು. ಫಿರಕಿ ತಿರುಗುವ ಸಣ್ಣ ಸದ್ದು ಕಿವಿಯ ಬುಡದಲ್ಲೇ ಕೇಳುತ್ತದೆ.

"ರಕ್ತಾ?" ಎಂದು ಕೇಳುತ್ತಾರೆ ಬೀರವ್ವ.

"ಇಲ್ರಿ." ದೀಪಾಲಿಯ ದನಿ ಅವಳದೇ ಎಂದು ಅವಳಿಗೂ ನಂಬಿಕೆಯಾದಂತಿಲ್ಲ. "ಒಂದ ಹನಿನೂ ಇಲ್ರಿ ಅತ್ತಿ."

ಬೀರವ್ವ ಸ್ಪಿರಿಟ್ಟಿನ ಹತ್ತಿಯಲ್ಲಿ ಬೆರಳು ಒರೆಸಿಕೊಂಡು, ಒಂದು ಕೈ ಬಲಗಿವಿಗೆ, ಒಂದು ಕೈ ಎಡಗಿವಿಗೆ ಒಯ್ದು, ಹರಳುಗಳನ್ನು ತುಸುವೇ ಮುಟ್ಟಿ ಅಳೆಯುತ್ತಾರೆ. ಇದಕ್ಕೆ ಕಣ್ಣು ಬೇಕಾಗಿಲ್ಲ. ಎದುರಿಗೆ ನಿಂತ ಸೊಸೆ ಉಸಿರು ಹಿಡಿದಿದ್ದಾಳೆ. ಅವಳ ಕಾಲು ಹಿಡಿದು ನಿಲ್ಲಲು ನೋಡುತ್ತಿರುವ ಪೂನಮಳ ಬರಿಗಿವಿಯ ಮೇಲೆ ಬಿಸಿಲು ಬಿದ್ದಿದೆ.

"ಎಳ್ಳಷ್ಟ ಮ್ಯಾಲಾತು," ಎನ್ನುತ್ತಾರೆ ಬೀರವ್ವ, ಬೆಲ್ಲವನ್ನು ದವಡೆಗೆ ಸರಿಸಿಕೊಂಡು. "ನಾಳಿ ಪೂನಮಗ ಎಳ್ಳಷ್ಟ ಕೆಳಗ ಹಿಡಿ."